ಉಪ್ಪುಗಲ್ಲು — ಕಂತು ಒಂಬತ್ತು: ಕೆಂಪಾದ ಭಂಡಾರ

“ನನ್ನ ಗಂಡ ಕಲ್ಲ ಮಾರಿಲ್ಲ ಅಂತ ನಾ ಹೇಳಾಂಗಿಲ್ರಿ ಅಕ್ಕಾರ. ಅವಂಗ ಮಾರಾಕ ಬರಾಂಗಿಲ್ಲ, ಅಷ್ಟ ಹೇಳ್ತೇನಿ,” ಎಂದಳು ಸಕ್ರವ್ವ. “ಬಬಲೇಶ್ವರ ಸಂತ್ಯಾಗ ಒಂದ ಟಗರ ಮಾರಿದ್ರ ಅದರ ಹಗ್ಗಾನೂ ಕೊಟ್ಟು, ಕೊಂಡಾಂವಂಗ ಚಹಾನೂ ಕುಡಿಸಿ ಬರೂ ಮನಶ್ಯಾ. ಇಂಥಾಂವ ಮುಂಬೈ ದಲ್ಲಾಳಿ ಕೂಡ ಯವ್ವಾರ ಕುದುರ್ಸ್ಯಾನಂತ. ನಗಬೇಕೋ ಅಳಬೇಕೋ ನೀವ ಹೇಳ್ರಿ.”

ಶಾಂಭವಿಗೆ ನಗು ಬಂದಿತ್ತು. ಆದರೆ ನಗುವ ಸ್ಥಿತಿಯಲ್ಲಿರಲಿಲ್ಲ. ಘೋಣಸಗಿಯ ಹಳೆಯ ಬಾವಡಿಯ, ಅಂದರೆ ಮೆಟ್ಟಿಲುಬಾವಿಯ, ದಂಡೆಯ ಮೇಲೆ, ಕಲ್ಲು ಕಿತ್ತ ಗುಂಡಿಯ ಮುಂದೆ ಮೊಣಕಾಲೂರಿ ಕೂತಿದ್ದಳು. ಮಾರ್ಚಿನ ಬಿಸಿಲು ಬೆನ್ನ ಮೇಲೆ ಕಾದ ಹಂಚಿಟ್ಟಂತೆ ಬಿದ್ದಿತ್ತು.

ಉಪ್ಪುಗಲ್ಲು ಮಾಯವಾಗಿ ನಾಲ್ಕು ದಿನ. ಕದ್ದು ಮಾರಿದ್ದಾನೆಂದು ಸಕ್ರವ್ವನ ಗಂಡ, ಕುರಿಗಾರ ಸಂಗಣ್ಣ, ಠಾಣೆಯಲ್ಲಿ. ನಾಳೆ ಹನ್ನೊಂದಕ್ಕೆ ತಿಕೋಟಾದಲ್ಲಿ ತಹಶೀಲ್ದಾರರ ಮುಂದೆ ಬಾವಡಿಯ ವಿಚಾರಣೆ.

ಆ ಕಲ್ಲಿನ ಮುಂಭಾಗದಲ್ಲಿ ಎರಡು ಸಾಲು ಹಳಗಾಲದ ಅಕ್ಷರವಿತ್ತು. ಈ ನೀರು ದಾರಿಹೋಕರಿಗೆ, ದನಕ್ಕೆ, ಕುರಿಗೆ. ಯಾರೂ ಇದಕ್ಕೆ ಬಾಗಿಲು ಇಡಕೂಡದು ಎಂದು. ಬಾವಡಿಯನ್ನು ಬೇಲಿಯೊಳಗೆ ಹಾಕಿಕೊಳ್ಳಲು ಪಕ್ಕದ ‘ಹಂದರ ಹೆರಿಟೇಜ್’ ರೆಸಾರ್ಟಿನವರು ಅರ್ಜಿ ಕೊಟ್ಟಿದ್ದರು. ಕಲ್ಲು ನಿಂತಿದ್ದರೆ ಅರ್ಜಿ ನಿಲ್ಲುತ್ತಿರಲಿಲ್ಲ. ಕಲ್ಲು ಹೋದರೆ ಬಾವಡಿ ಬರೀ ಪಾಳು ತಗ್ಗು, ಸಂಗಣ್ಣ ಕಳ್ಳ, ಅವನ ಮುನ್ನೂರು ಕುರಿಗಳಿಗೆ ಹತ್ತು ಮೈಲಿಯೊಳಗೆ ನೀರಿಲ್ಲ.

“ಬಾಯಾರ, ಅದೇನ ಅಷ್ಟೊತ್ತಿಂದ ಮಣ್ಣ ಮೂಸಾಕತ್ತೀರಿ?” ಬೇವಿನ ನೆರಳಲ್ಲಿ ತನ್ನ ಟಂಟಂ ಆಟೋ ನಿಲ್ಲಿಸಿಕೊಂಡಿದ್ದ ಗೈಬುಸಾಬ ಕೇಳಿದ. “ಪೊಲೀಸರು ನಿಂತ ನಿಂತಲ್ಲೇ ನೋಡಿ ಹ್ವಾದ್ರು. ನೀವ ಮಕ್ಕೊಂಡ ನೋಡ್ತೀರಿ.”

“ಅದಕ್ಕ ಅವರಿಗೆ ಕಾಣ್ಲಿಲ್ಲ, ನನಗ ಕಾಣಸ್ತು,” ಎಂದಳು ಶಾಂಭವಿ.

ಶಾಂಭವಿ ಪೊಲೀಸಳಲ್ಲ, ವಕೀಲಳೂ ಅಲ್ಲ. ವಿಜಯಪುರದ ಗೋಳಗುಮ್ಮಟದ ಮುಂದೆ ಇಪ್ಪತ್ತೆರಡು ವರ್ಷದಿಂದ ಗೈಡು. ಹತ್ತನೆಯ ಇಯತ್ತೆಗೆ ಸಾಲಿ ಬಿಟ್ಟವಳು ಪ್ರವಾಸಿಗರ ಬಾಯಿಂದಲೇ ಐದು ಭಾಷೆ ಕಲಿತಳು. ಅವರು ಕಳಕೊಂಡದ್ದನ್ನು ಹುಡುಕಿ ಕೊಡುತ್ತ ಕೊಡುತ್ತ ಪತ್ತೇದಾರಳೂ ಆದಳು. ಕ್ಯಾಮೆರಾ, ಪಾಸ್‌ಪೋರ್ಟು, ಮೂಗುಬೊಟ್ಟು, ಒಮ್ಮೆ ಒಬ್ಬಾಕೆಯ ಗಂಡ. ಗಂಡ ಸಿಕ್ಕಿದ್ದು ಭಜಿ ಅಂಗಡಿಯಲ್ಲಿ. ಪಿಸುಮಾತೂ ದುಂಡಗೆ ತಿರುಗಿ ಬರುವ ಗುಮ್ಮಟದ ಕೆಳಗೆ ಬಾಳಿದವಳಿಗೆ ಮಂದಿ ಆಡಿದ್ದಕ್ಕಿಂತ ನುಂಗಿದ್ದೇ ಜಾಸ್ತಿ ಕೇಳಿಸುತ್ತಿತ್ತು.

“ಸಕ್ರವ್ವಾ, ಇಲ್ಲಿ ಬಾ. ಇದೇನ?”

ಗುಂಡಿಯ ಒಳ ಅಂಚಿಗೆ, ಒಣಗಿದ ಕೆಸರಿನ ಮೇಲೆ, ಗೇಣುದ್ದ ಕೆಂಪು ಮೆತ್ತಿತ್ತು. ಕಲ್ಲನ್ನು ಸಡಿಲ ಮಾಡಲು ಯಾರೋ ನೀರು ಸುರಿದಿದ್ದರು. ಆ ನೀರಲ್ಲಿ ಕೆಂಪು ಕಲಸಿಕೊಂಡಿತ್ತು.

“ಕುಂಕುಮ ಅಂದ್ರರೀ ಪೊಲೀಸರು. ನಿಧಿ ತಗಿಯಾಕ ಪೂಜಾ ಮಾಡ್ಯಾನ ನಿನ್ನ ಗಂಡ ಅಂದ್ರು. ಈ ಕಲ್ಲಿಗೆ ಕುಂಕುಮ ಎಂದೂ ಬಿದ್ದಿಲ್ರಿ. ನಾವ ಭಂಡಾರ ಹಚ್ಚೂ ಮಂದಿ. ಅಮಾಸಿಗೊಮ್ಮಿ ಕಲ್ಲಿನ ಮ್ಯಾಲ ಕುರಿಗೆ ಉಪ್ಪ ಸುರೀತೇವಿ, ಅಕ್ಷರಕ್ಕ ಭಂಡಾರ ತುಂಬತೇವಿ. ನಮ್ಮತ್ತಿ, ಆಕಿ ಅತ್ತಿ, ಎಲ್ಲಾರೂ ಹಂಗ ಮಾಡ್ಯಾರ.”

ಭಂಡಾರವೆಂದರೆ ದೇವರ ಅರಿಷಿಣದ ಪುಡಿ. ತಲೆಮಾರುಗಟ್ಟಲೆ ತುಂಬಿ ತುಂಬಿ ಆ ಅಕ್ಷರಗಳ ತಗ್ಗಿನಲ್ಲಿ ಅದು ಬೆರಳುದಪ್ಪ ಹೆಪ್ಪುಗಟ್ಟಿತ್ತು. ಕಲ್ಲಿನ ಮೇಲ್ಮೈಯಂತೂ ಕುರಿಗಳು ನೆಕ್ಕಿ ನೆಕ್ಕಿ ಹಿಟ್ಟು ನಾದುವ ಪರಾತದಂತೆ ತಗ್ಗಾಗಿತ್ತು.

ಗುಂಡಿಯ ಪಕ್ಕದ ಜಾಲಿಯ ಮುಳ್ಳಿನಲ್ಲಿ ಒಂದು ಹಸಿರು ಎಳೆ ಸಿಕ್ಕಿಕೊಂಡಿತ್ತು. ಪ್ಲಾಸ್ಟಿಕ್ ಬಲೆಯದು. ಬಿಡಿಸಿಕೊಂಡು ಬೆರಳ ನಡುವೆ ತಿಕ್ಕಿದಳು. ಒರಟು, ಆದರೂ ಜಾರುತ್ತದೆ. ಅದರ ತುದಿಯೂ ಕೆಂಪು.

“ನಿನ್ನ ಹಂತ್ಯಾಕ ಭಂಡಾರ ಐತೇನ?”

ಸಕ್ರವ್ವ ಸೆರಗಿನ ಗಂಟು ಬಿಚ್ಚಿ ಒಂದು ಚಿಟಿಕೆ ಕೊಟ್ಟಳು. ಕೊಡುವಾಗ ಬಾವಡಿಯೊಳಗೆ ಇಣುಕಿದಳು. ನೀರು ಬಹಳ ಕೆಳಗಿತ್ತು. “ಆ ರೆಸಾರ್ಟಿನವರ ಈಜೂ ಹೊಂಡ ತುಂಬಿದ ಮ್ಯಾಲ ಹನ್ನೆಡ್ಡ ಮೆಟ್ಲ ಇಳದೈತ್ರಿ. ನಾ ಎಣಿಸೇನಿ. ದಿನಾ ಕೊಡಾ ಹೊತ್ತು ಹತ್ತಾಕಿ ನಾನ ಅಲ್ಲೇನ್ರಿ.”

*

ಬಬಲೇಶ್ವರದ ಬಸ್‌ಸ್ಟ್ಯಾಂಡ್ ಎದುರಿಗೆ ದಾದಾಸಾಬನ ದ್ರಾಕ್ಷಿ ಔಷಧದ ಅಂಗಡಿ. ಸುತ್ತಲಿನ ತೋಟದವರೆಲ್ಲ ಬಳ್ಳಿಯ ರೋಗಕ್ಕೂ ಮನೆಯ ಜಗಳಕ್ಕೂ ಅವನನ್ನೇ ಕೇಳುವುದು. ಎಳೆಯನ್ನು ಮೂಸಿದವನೇ ಅವನು ಕನ್ನಡಕ ಹಣೆಗೇರಿಸಿದ.

“ಡಿಪ್ಪಿಂಗ್ ಎಣ್ಣಿ. ದ್ರಾಕ್ಷಿ ಗೊನಿ ಒಣಗಸಾಕ ಹಾಕೂ ಮುಂಚೆ ಇದರ ನೀರಾಗ ಅದ್ದತಾರ. ಸಿಪ್ಪಿ ಬಿರಿತೈತಿ, ಲಗೂನ ಒಣಗತೈತಿ. ಇದು ಶೆಡ್ಡಿನ ಬಲಿ, ಬಾಯಾರ. ನಾಲ್ಕ ವರ್ಷ ಇದರಾಗ ಮುಳುಗಿ ಎದ್ದೈತಿ.”

“ಮತ್ತ ಈ ಕೆಂಪು?”

“ಅದ ನನಗ ಗೊತ್ತಿಲ್ಲ.”

“ಎಣ್ಣಿ ಕೂಡ ಮತ್ತೇನ ಹಾಕ್ತಾರ ನೀರಾಗ?”

“ಪೌಡರ. ಬಿಳೇದು, ಖಾರದ್ದು. ಕೈ ಉರಿತೈತಿ.”

ಶಾಂಭವಿ ಸಕ್ರವ್ವನ ಭಂಡಾರವನ್ನು ಹಾಳೆಯ ಮೇಲೆ ಉದುರಿಸಿದಳು. “ಅದರ ಒಂದ ಹನಿ ಇದರ ಮ್ಯಾಲ ಬಿಡ್ರಿ.”

ದಾದಾಸಾಬ ಚಹಾದ ಗ್ಲಾಸಿನಲ್ಲಿ ಪೌಡರು ಕದಡಿ, ಕಡ್ಡಿಯ ತುದಿಯಿಂದ ಒಂದು ಹನಿ ಬಿಟ್ಟ. ಹಳದಿಯ ನಡುವೆ ಒಂದು ಚುಕ್ಕೆ ಕಪ್ಪಾದಂತೆ ಕಂಡು, ನೋಡುನೋಡುತ್ತ ರಕ್ತದ ಬಣ್ಣಕ್ಕೆ ತಿರುಗಿತು.

ಗೈಬುಸಾಬ ಒಂದು ಹೆಜ್ಜೆ ಹಿಂದೆ ಸರಿದ.

“ಹೆದರಬ್ಯಾಡೋ ಮಾರಾಯಾ,” ಎಂದು ದಾದಾಸಾಬ ನಕ್ಕ. “ಅರಿಷಿಣಕ್ಕ ಸುಣ್ಣ ಹಾಕಿದ್ರ ಕುಂಕುಮ ಆಗತೈತಿಲ್ಲೋ? ಈ ಪೌಡರ ಸುಣ್ಣದ ಖಾಸ ಭಾವಮೈದುನ ಇದ್ದಂಗ. ನಾ ಮೂವತ್ತ ವರ್ಷ ಇದನ್ನ ಮಾರೇನಿ, ಇವತ್ತ ನೋಡಿದೆ.”

ಅಂದರೆ ಕಲ್ಲನ್ನು ಬಲೆಯಲ್ಲಿ ಸುತ್ತಿ ಎಳೆದವರು ಒಣದ್ರಾಕ್ಷಿ ಶೆಡ್ಡಿನವರು. ಮುಂಬೈ ದಲ್ಲಾಳಿ ಯಾಕೆ ದ್ರಾಕ್ಷಿ ಬಲೆ ಹೊತ್ತು ಬಂದಾನು?

“ಈ ಸುತ್ತ ಶೆಡ್ಡ ಇನ್ನೂರ ಅದಾವ,” ಎಂದ ದಾದಾಸಾಬ. “ಹುಡುಕ್ರಿ.”

*

ಹುಡುಕಬೇಕಾಗಲಿಲ್ಲ. ತಿರುಗಿ ಘೋಣಸಗಿಯ ಕಡೆ ಬರುವಾಗ ರಸ್ತೆಯ ಎರಡೂ ಬದಿಗೆ ಶೆಡ್ಡುಗಳು. ತಗಡಿನ ಮಾಡು, ಹನ್ನೆರಡು ಅಂತಸ್ತಿನ ಬಲೆ, ಬಲೆಯ ಮೇಲೆ ಹಸಿರು ಮುತ್ತು ಹರಡಿದಂತೆ ದ್ರಾಕ್ಷಿ. ಗಾಳಿ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆ ಹೊರಡುತ್ತಿತ್ತು.

“ಗೈಬುಸಾಬ, ಒಣದ್ರಾಕ್ಷಿಗೆ ಏನ ಬೇಕು?”

“ಗಾಳಿ. ಮತ್ತ ಸಾವಕಾರಗ ತಾಳ್ಮಿ.”

“ಬದಿ ಪರದೆ ಯಾವಾಗ ಇಳಸ್ತಾರ?”

“ಮಳಿ ಬಂದ್ರ. ಇಲ್ಲಾ ಗಂಧಕದ ಹೊಗಿ ಹಾಕೂವಾಗ. ಆಗ ಅರ್ಧ ಮೈಲಿ ಮೂಗ ಮುಚ್ಚಬೇಕ ನೋಡ್ರಿ.”

“ಹಂಗಾರ ಅದನ್ನ ನೋಡು.”

‘ಹಂದರ ಹೆರಿಟೇಜ್’ನ ಕಾಂಪೌಂಡಿನ ಹಿಂಬದಿಗೆ ಒಂದು ಶೆಡ್ಡು. ನಾಲ್ಕೂ ಕಡೆ ನೀಲಿ ಪರದೆ ನೆಲದವರೆಗೆ ಇಳಿದಿತ್ತು. ಮೇಲೆ ಮೋಡವಿರಲಿಲ್ಲ. ಗಂಧಕದ ವಾಸನೆ ಇರಲಿಲ್ಲ.

ಗೈಬುಸಾಬ ಟಂಟಂ ನಿಧಾನ ಮಾಡಿದ. “ಬಾಯಾರ, ಒಂದ ಮಾತ. ಹದಿನೆಂಟ ವರ್ಷ ಗುಮ್ಮಟದ ಮುಂದ ಟಾಂಗಾ ಹೊಡದೇನಿ. ಮಂದಿ ಬರ್ತಾರ, ಕೂಗ್ತಾರ, ಏಳ ಸಲ ಎದುರ ಧ್ವನಿ ಕೇಳ್ತಾರ, ಬಸ್ ಹತ್ತಿ ಹೋಗ್ತಾರ. ಈ ರೆಸಾರ್ಟಿನ ಅರುಣಕುಮಾರ ಸಾವಕಾರ್ರು ಅವರನ್ನ ಒಂದ ದಿನ ಇಲ್ಲೇ ನಿಂದರಿಸ್ಯಾರ. ನನ್ನ ಮಗಾ ಅಲ್ಲೇ ಅಡಗಿ ಮಾಡ್ತಾನ. ಅದನ್ನೂ ಲೆಕ್ಕಕ್ಕ ಹಿಡೀರಿ.”

“ಹಿಡದೇನಿ,” ಎಂದಳು ಶಾಂಭವಿ. “ನಿನ್ನ ಮಗನ ಅಡಗಿಗೂ ನೀರ ಬೇಕಲ್ಲೋ. ನಡಿ.”

ಗೇಟಿನೊಳಗೆ ಬಲಕ್ಕೆ ಇಪ್ಪತ್ತು ಮೊಳದ ಹೊಸ ಗೋಡೆ. ಗೌಂಡಿಯೊಬ್ಬ ಅದಕ್ಕೆ ಸುಣ್ಣ ಬಳಿಯುತ್ತಿದ್ದ. ಗೋಡೆಯ ನಡುವೆ, ಪ್ರವಾಸಿಗರು ಕೂತು ಫೋಟೊ ಹೊಡೆಸಿಕೊಳ್ಳಲು ಒಂದು ಕಟ್ಟೆ. ಅದಕ್ಕೂ ಹಸಿ ಸುಣ್ಣ. ಅದರ ಮುಂದೆ ಸಂಗಣ್ಣನ ಮಗಳು ನಿರ್ಮಲಾ ಇಳಕಲ್ ಸೀರೆಯುಟ್ಟು, ಹೆಗಲಿಗೆ ಕಂಬಳಿ ಹಾಕಿಕೊಂಡು, ಎರಡು ಬೆಳ್ಳನೆಯ ಮರಿಗಳನ್ನು ಹಿಡಿದು ನಿಂತಿದ್ದಳು. ಪುಣೆಯ ಒಂದು ಕುಟುಂಬ ಆಗಷ್ಟೇ ಫೋಟೊ ತೆಗೆಸಿಕೊಂಡು ಹೋಗಿತ್ತು.

ಅಪ್ಪ ಠಾಣೆಯಲ್ಲಿ, ಮಗಳು ಇಲ್ಲಿ. ಶಾಂಭವಿ ಕೇಳುವ ಮುಂಚೆ ನಿರ್ಮಲಾಳೇ ಹೇಳಿದಳು.

“ಅಪ್ಪನ ಕಂಬಳಿ ತಂದಿದ್ದೆರಿ. ಕುರಿ ವಾಸನಿ ಬರತೈತಿ ಅಂದ್ರು. ಮಿಶಿನ್ಯಾಗ ಒಗದ ಕಂಬಳಿ ಕೊಟ್ಟಾರ. ಇದರ ವಾಸನಿ ಮಲ್ಲಿಗಿ ಹೂವಿಂದು.” ಅವಳು ತುಟಿ ಸೊಟ್ಟ ಮಾಡಿದಳು. “ಮರಿನೂ ಬಾಡಿಗಿವು. ಒದರತಾವು ಅಂತ ನಮ್ಮ ಚಂದ್ರಿನ್ನ ತಂದ ಕಟ್ಟೇನಿ. ಆಕಿ ಇದ್ರ ಸುಮ್ಮನಿರತಾವು. ಇವತ್ತ ಆಕಿನ ಸುಮ್ಮನಿರಾಕ ಒಲ್ಲಳು.”

ಕಂಬಕ್ಕೆ ಕಟ್ಟಿದ್ದ ಮುದಿ ಕರಿ ಕುರಿ ಹಗ್ಗ ಬಿಗಿಯಾಗುವಷ್ಟು ಗೋಡೆಯ ಕಡೆ ಜಗ್ಗುತ್ತಿತ್ತು.

“ಬರ್ರಿ ಶಾಂಭವಿಯವರ,” ಎಂಬ ಧ್ವನಿ ಹಿಂದಿನಿಂದ ಬಂತು.

ಅರುಣಕುಮಾರ. ಸೊಲ್ಲಾಪುರ ರಸ್ತೆಯಲ್ಲಿ ಮೂರು ತಲೆಮಾರಿನ ಒಣದ್ರಾಕ್ಷಿ ವ್ಯಾಪಾರದ ಮನೆತನ. ಅಜ್ಜ ಒಣಗಿಸಿದ, ಅಪ್ಪ ಮಾರಿದ, ಇವನು ರೆಸಾರ್ಟು ಕಟ್ಟಿದ. ಬಿಳಿ ಅಂಗಿ, ಮೆತ್ತಗಿನ ಮಾತು. ಸಿಟ್ಟು ಬಂದರೂ ‘ರಿ’ ಬಿಡದ ಮನುಷ್ಯ.

“ನಿಮ್ಮ ಶೆಡ್ಡ ನೋಡಬೇಕ್ರಿ,” ಎಂದಳು ಶಾಂಭವಿ.

“ಮಾಲ ಹಾಕೇನ್ರಿ. ಧೂಳ ಆಗತೈತಿ.”

“ಮಾಲ ಹಾಕಿ ಗಾಳಿ ಬಂದ ಮಾಡೀರಿ? ನಿಮ್ಮ ಅಜ್ಜಾರ ಇದ್ದಿದ್ರ ಕಿವಿ ಹಿಂಡತಿದ್ರು.”

ಅರುಣಕುಮಾರನ ಮುಗುಳ್ನಗೆ ಒಂದು ಗಳಿಗೆ ಹಾಗೇ ನಿಂತಿತು. ಪರದೆ ಇಳಿಸಿದ್ದೊಂದೇ ತಪ್ಪು ಅವನದು. ದ್ರಾಕ್ಷಿ ಮಾರಿದವರ ಮಗ, ಒಣಗಿಸಿದವನಲ್ಲ.

“ನೀವು ಏನ ಹುಡುಕಾಕತ್ತೀರಿ ನನಗ ಗೊತ್ತೈತ್ರಿ,” ಎಂದ. “ಒಂದ ಮಾತ ಕೇಳ್ರಿ. ವಿಜಯಪುರ ಅಂದ್ರ ಹೊರಗಿನವರಿಗೆ ಏನ ನೆನಪಾಗತೈತಿ? ಬಿಸಿಲು, ಧೂಳ, ಗುಮ್ಮಟ. ಆ ಹೆಸರ ಬದಲ ಮಾಡಾಕತ್ತೇನಿ ನಾ. ನಲವತ್ತ ಮನಿ ಒಲಿ ಈ ಕಾಂಪೌಂಡಿನಿಂದ ಉರೀತಾವ. ಬಂದವರು ನೀಲಿ ನೀರ ನೋಡಬೇಕು, ಅಂಗೂರ ಹರೀಬೇಕು. ಹಳೇ ಬಾವಡಿಗೆ ದೀಪಾ ಹಾಕಿ ಮೆಟ್ಲ ತೊಳದ್ರ ಅದನ್ನ ನೋಡಾಕ ಜರ್ಮನಿಯಿಂದ ಬರ್ತಾರ. ಕುರಿ ಹಿಕ್ಕಿ ತುಳಕೋತ ಬರ್ತಾರೇನ್ರಿ?”

“ಬರ್ತಾರ. ಇಪ್ಪತ್ತೆರಡ ವರ್ಷದಿಂದ ನಾ ಕರಕೊಂಡ ಬಂದೇನಿ. ಸಕ್ರವ್ವನ ಕೈಯಾಗ ರೊಟ್ಟಿ ತಿಂದು, ಕುರಿ ನೀರ ಕುಡಿಯೂದ ನೋಡಿ, ಊರಿಗೆ ಹೋಗಿ ಪತ್ರಾ ಬರದಾರ.”

“ಆ ಪತ್ರದಿಂದ ಊರಿಗೇನ ಬಂತ್ರಿ?”

“ಊರ ಉಳೀತು.”

ಗೌಂಡಿ ಸುಣ್ಣದ ಕುಂಚ ಬಕೆಟ್ಟಿಗೆ ಹಾಕಿ ಇತ್ತ ಕಿವಿಗೊಟ್ಟಿದ್ದ. ಅರುಣಕುಮಾರ ಧ್ವನಿ ಇನ್ನೂ ತಗ್ಗಿಸಿದ. “ನಿಮ್ಮ ಅನ್ನಾನೂ ಟೂರಿಸ್ಟ್ ಮಂದಿದ. ಪುಣೆ, ಹೈದರಾಬಾದ್ ಏಜೆಂಟರೆಲ್ಲಾ ನನ್ನ ದೋಸ್ತರು. ನಾಳೆಯಿಂದ ನಿಮಗ ಒಬ್ಬರೂ ಫೋನ್ ಹಚ್ಚಬ್ಯಾಡ್ರಿ ಅಂದ್ರ ಹಚ್ಚಾಂಗಿಲ್ಲ.”

“ಖರೇ ಐತ್ರಿ. ನಾನೂ ಅದ ಅನ್ನಾ ತಿಂತೇನಿ.” ಶಾಂಭವಿ ಅವನ ಕಣ್ಣನ್ನೇ ನೋಡಿದಳು. “ಆದ್ರ ನಾ ಇದ್ದದ್ದನ್ನ ತೋರಸ್ತೇನಿ. ನೀವು ಇದ್ದಾಕಿನ್ನ ಬಾವಿಯಿಂದ ಹೊರಗ ಹಾಕಿ, ಆಕಿ ಮಗಳಿಗೆ ಆಕಿದ ವೇಷಾ ಹಾಕಿ ನಿಲ್ಲಿಸೀರಿ. ಪರದೆ ಎತ್ತತೀರೋ, ನಾ ಎತ್ತಲೋ?”

“ಒಳಗ ಕಲ್ಲ ಇಲ್ಲದಿದ್ರ ಏನ್ರಿ?”

ಅವಳು ಕೊರಳಿನ ಗೈಡ್ ಬಿಲ್ಲೆಯನ್ನು ಮುಟ್ಟಿದಳು. “ಇದು ನಿಮ್ಮ ಕೈಯಾಗ.”

“ಬಾಯಾರ,” ಎಂದ ಗೈಬುಸಾಬ ಮೆತ್ತಗೆ. ಅವಳು ತಿರುಗಲಿಲ್ಲ.

ಪರದೆಯ ಹಗ್ಗ ಬಿಚ್ಚಿದ್ದು ಶಾಂಭವಿಯೇ. ನೀಲಿ ತಾಡಪತ್ರಿ ಸರ್ರನೆ ಮೇಲೇರಿತು. ಹನ್ನೆರಡು ಅಂತಸ್ತಿನ ಬಲೆ ಖಾಲಿ. ಒಂದು ದ್ರಾಕ್ಷಿಯೂ ಇಲ್ಲ. ನೆಲ ತೊಳೆದಿತ್ತು, ಇನ್ನೂ ಆರಿರಲಿಲ್ಲ. ನೆಲದ ನಡುವೆ, ನಾಲ್ಕು ಮೊಳ ಉದ್ದ, ಎರಡು ಮೊಳ ಅಗಲ, ಚೌಕಟ್ಟು ಬರೆದಂತೆ ಒಂದು ಕೆಂಪು ಅಂಚು.

ಕಲ್ಲು ಮಲಗಿದ್ದ ಜಾಗ. ಕಲ್ಲಿಲ್ಲ.

“ಡಿಪ್ಪಿಂಗ್ ನೀರಿನ ಕಲೆ,” ಎಂದ ಅರುಣಕುಮಾರ. “ಕಲ್ಲ ಎಲ್ಲೈತ್ರಿ?”

“ಮಾಲ ಹಾಕೇನಿ ಅಂದಿದ್ರಿ.”

“ಮರತಿದ್ದೆರಿ.”

ಶಾಂಭವಿ ಫೋನು ತೆಗೆದು ಕೆಂಪು ಅಂಚಿನ ಚಿತ್ರ ತೆಗೆದುಕೊಂಡಳು. ಇದನ್ನು ನಾಳೆ ತಹಶೀಲ್ದಾರರ ಮುಂದಿಟ್ಟರೆ ಏನಾದೀತು? ಒಂದು ಕಲೆ. ಕಲೆಯಿಂದ ಸಂಗಣ್ಣ ಹೊರಗೆ ಬರುವುದಿಲ್ಲ, ಕುರಿಗಳಿಗೆ ನೀರು ಸಿಗುವುದಿಲ್ಲ. ಮುಂಜಾನೆಯಷ್ಟೇ ತೊಳೆದಿದ್ದಾರೆ. ಹತ್ತು ಜನ ಎತ್ತುವ ಕಲ್ಲು ಹಗಲಿನಲ್ಲಿ ಗೇಟು ದಾಟಿದರೆ ಊರೆಲ್ಲ ನೋಡುತ್ತಿತ್ತು. ಯಾರೂ ನೋಡಿಲ್ಲ. ಹಾಗಾದರೆ?

ಅರುಣಕುಮಾರ ಅಂಗೈ ಚಾಚಿದ್ದ.

ಅವಳು ಬಿಲ್ಲೆಯ ದಾರವನ್ನು ಕೊರಳಿಂದ ತೆಗೆದಳು. ಇಪ್ಪತ್ತೆರಡು ವರ್ಷದ ಬೆವರಿಗೆ ದಾರ ಕಪ್ಪಾಗಿತ್ತು. ಮಡಚಿ, ಅವನ ಅಂಗೈಯಲ್ಲಿಟ್ಟಳು.

“ಬಿಲ್ಲೆ ನಿಮ್ಮದ್ರಿ. ಬಾಯಿ ನಂದು. ನಾಳೆ ಹನ್ನೊಂದಕ್ಕ ತಿಕೋಟಾದಾಗ ಅದನ್ನ ತಗೀತೇನಿ.”

“ತಗೀರಿ. ಕಲ್ಲಿಲ್ಲದ ಕತಿ ಎಷ್ಟೊತ್ತ ಕೇಳ್ತಾರ ನೋಡೋಣ.”

ಗೋಡೆಯ ಹತ್ತಿರ ಮರಿಗಳು ಒದರಿದವು. ಎಲ್ಲರೂ ತಿರುಗಿ ನೋಡಿದರು. ನಿರ್ಮಲಾ ಮಲ್ಲಿಗೆ ವಾಸನೆಯ ಕಂಬಳಿಯನ್ನು ಹೆಗಲಿನಿಂದ ತೆಗೆದು ನೆಲಕ್ಕೆ ಹಾಕಿದ್ದಳು. ಈಗ ಕಂಬದ ಹತ್ತಿರ ಬಗ್ಗಿ ಚಂದ್ರಿಯ ಹಗ್ಗ ಬಿಚ್ಚುತ್ತಿದ್ದಳು.

“ಏ ಹುಡುಗಿ,” ಅರುಣಕುಮಾರನ ಮಾತಿನಲ್ಲಿ ಮೊದಲ ಸಲ ‘ರಿ’ ಬಿಟ್ಟುಹೋಯಿತು. “ಕುರಿ ಹಿಡಿ. ಸುಣ್ಣ ಹಸಿ ಐತಿ.”

“ಹಿಡಿಯಾಂಗಿಲ್ರಿ. ಮುಂಜಾನಿಂದ ಏನೋ ಹೇಳಾಕತ್ತಾಳ. ಹೇಳ್ಲಿ.”

ಕರಿ ಕುರಿ ಗೋಡೆಯ ಉದ್ದಕ್ಕೂ ನಡೆಯಿತು. ಇಪ್ಪತ್ತು ಮೊಳದ ಹಸಿ ಸುಣ್ಣ ಬಾಯಿ ಪಕ್ಕದಲ್ಲೇ ಇತ್ತು. ಮೂಸಲೂ ಇಲ್ಲ. ಫೋಟೊ ಕಟ್ಟೆಯ ಎಡ ಮೂಲೆಗೆ ಬಂದು ನಿಂತು, ನಾಲಗೆ ಚಾಚಿ ನೆಕ್ಕತೊಡಗಿತು. ಅಮಾವಾಸ್ಯೆಯ ಉಪ್ಪಿನ ಋಣವಿದ್ದದ್ದು ಆ ಒಂದು ಕಲ್ಲಿಗೆ.

ಬಿಳಿ ಸವೆಯಿತು. ಅದರಡಿಯಿಂದ ಕೆಂಪು ಒಸರಿತು. ಅಂಗೈಯಗಲ, ಆಮೇಲೆ ಪರಾತದಗಲ. ಕೆಂಪಿನ ನಡುವೆ ಒಂದು ಅಕ್ಷರದ ಕೊಂಬು ಮೂಡಿತು.

ಅರುಣಕುಮಾರ ಗೌಂಡಿಗೆ ಕಟ್ಟೆಯ ಕಡೆ ಕಣ್ಣಸನ್ನೆ ಮಾಡಿದ. ಗೌಂಡಿ ಗೋಡೆಗೆ ಒರಗಿಸಿದ್ದ ದೊಡ್ಡ ಸುತ್ತಿಗೆಯನ್ನು ಹೆಗಲಿಗೇರಿಸಿದ.

ಮೂರು ಗಂಟೆ. ಹನ್ನೊಂದಕ್ಕೆ ಇನ್ನೂ ಇಪ್ಪತ್ತು ತಾಸು. ಶಾಂಭವಿ ಸೀರೆಯ ನಿರಿಗೆ ಕೈಯಲ್ಲಿ ಹಿಡಿದು, ನೆಟ್ಟಗೆ ನಡೆದುಹೋಗಿ, ಕಟ್ಟೆಯ ಹಸಿ ಸುಣ್ಣದ ಮೇಲೆಯೇ ಕೂತಳು. ನಿರ್ಮಲಾ ಬಂದು ಪಕ್ಕದಲ್ಲಿ ಕೂತಳು. ಸುತ್ತಿಗೆ ಹೊತ್ತ ಹೆಜ್ಜೆಗಳು ಜಲ್ಲಿಯ ಮೇಲೆ ಹತ್ತಿರ ಬಂದವು. ಕುರಿ ತಲೆ ಎತ್ತದೆ ನೆಕ್ಕುತ್ತಲೇ ಇತ್ತು.